ಒಂದೇ ಸರಪಳಿಯ ಸದ್ದು

ಝಣ್... ಝಣ್ಝಣ್... ಝಣ್. ನಮ್ಮ ಜೀಪು ಬರುತ್ತಿದೆ ಅಂತ ಎಂಜಿನ್ನಿಗಿಂತ ಮೊದಲು ಹೇಳುತ್ತಿದ್ದದ್ದು ಅದರ ಹಿಂಬದಿಯ ಸರಪಳಿ. ಜೀಪಿನ ಹಿಂದೆ ಕೆಳಕ್ಕೆ ಮಡಚುವ ತಗಡಿನ ಬಾಗಿಲು ಇರುತ್ತದಲ್ಲ, ಅದರ ಎರಡೂ ಪಕ್ಕಕ್ಕೆ ಒಂದೊಂದು ಕಬ್ಬಿಣದ ಸರಪಳಿ. ಬಾಗಿಲು ಎತ್ತಿ ಕೊಂಡಿಗೆ ಸಿಕ್ಕಿಸಿದ ಮೇಲೂ ತುದಿಯಲ್ಲಿ ಗೇಣುದ್ದ ಜೋತಾಡುತ್ತಾ ಉಳಿದು, ರಸ್ತೆಯ ಗುಂಡಿ ಬಂದಾಗೆಲ್ಲ ತಗಡಿಗೆ ಬಡಿಯುತ್ತಿತ್ತು. ಕಾನ್ವೆಂಟಿಗೆ ಹೊಸದಾಗಿ ಸೇರಿದ್ದ ನಾನು, ಆ ಬಾಗಿಲಿಗೆ ಇಂಗ್ಲಿಷಿನಲ್ಲಿ ಟೇಲ್‌ಗೇಟ್ ಅನ್ನುತ್ತಾರೆ ಅಂತ ಮನೆಮಂದಿಗೆಲ್ಲ ಪಾಠ ಮಾಡಿದ್ದೆ. "ಟೇಲ್ ಅಂದ್ರೆ ಬಾಲ ತಾನೇ?" ಅಂದಳು ಅಪ್ಪನ ಅಕ್ಕ, ನಮ್ಮ ಸುಬ್ಬತ್ತೆ. ಅಷ್ಟೇ, ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಬಾಲ. "ಅಕ್ಕಾ, ಬಾಲ ಹಾಕಿದ್ಯಾ?" ಅಂತ ಅಪ್ಪ ಸ್ಟೇರಿಂಗ್ ಹಿಡಿದು ಕೂಗುವುದು, "ಹಾಕ್ದೆ, ಹೊರಡೋ" ಅಂತ ಅವಳು ಹಿಂದಿನಿಂದ ಅನ್ನುವುದು. ನಿಮ್ಮ ಮನೆಯಲ್ಲೂ ಹೊರಗಿನವರಿಗೆ ಅರ್ಥವಾಗದ ಇಂಥದ್ದೊಂದು ಮಾತು ಇದ್ದಿರಬೇಕು. ಮನೆ ಖಾಲಿಯಾದ ಮೇಲೆ ಆ ಮಾತುಗಳೆಲ್ಲ ಎಲ್ಲಿಗೆ ಹೋಗಿ ಸೇರುತ್ತವೋ, ಗಾಡ್ ಅಲೋನ್ ನೋಸ್.

ಆ ಸದ್ದು ನನಗೆ ಮತ್ತೆ ಕೇಳಿಸಿದ್ದು ಈಚೆಗೆ, ಶಿವಮೊಗ್ಗದ ರಾಗಿಗುಡ್ಡದ ಹತ್ತಿರದ ಒಂದು ಕುಶನ್ ಶೆಡ್ಡಿನಲ್ಲಿ. ಅಪ್ಪನ ಜೀಪು ಅಪ್ಪನ ನಂತರ ತಮ್ಮನ ಮನೆಯ ಹಿಂದೆ ಟಾರ್ಪಾಲಿನ ಕೆಳಗೆ ಮಲಗಿತ್ತು. ಅದನ್ನು ಎಬ್ಬಿಸಿದವಳು ತಮ್ಮನ ಮಗಳು ಸಿಂಚನ. ಹಲ್ಲಿನ ಡಾಕ್ಟರು, ವಾರವೆಲ್ಲ ಜನರ ಹಲ್ಲು ಕೀಳುತ್ತಾಳೆ, ಭಾನುವಾರ ಜೀಪಿನ ನಟ್ಟು ಕೀಳುತ್ತಾಳೆ. ಎಂಜಿನ್ ಸರಿಯಾಗಿ, ಬಣ್ಣವೂ ಆಗಿ, ಒಳಗಿನ ಕೆಲಸ ಮಾತ್ರ ಉಳಿದಿತ್ತು. ನೋಡು ಬಾ ಅತ್ತೆ ಅಂತ ಗೋಪಾಳದಿಂದ ನನ್ನನ್ನು ಕರೆದುಕೊಂಡು ಹೋದಳು. ಶೆಡ್ಡಿನೊಳಗೆ ಕಾಲಿಟ್ಟರೆ ಹೊಸ ರೆಕ್ಸಿನ್ನಿನ, ಅಂಟಿನ ಘಾಟು. ಅದರ ನಡುವೆ, ಬಿಚ್ಚಿಟ್ಟ ನಮ್ಮ ಹಳೇ ಸೀಟಿನ ತೆಂಗಿನ ನಾರಿನಿಂದ ಎದ್ದ ಧೂಳಿನ ವಾಸನೆ. ಕುಶನ್ ಕೆಲಸದ ಬಾಷಾ ಸಾಬರು ಬಾಲವನ್ನು ಇಳಿಸಿ ಎತ್ತಿದರು. ಝಣ್. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಸಿಂಚನಳ ಪ್ಲಾನು ಹೀಗಿತ್ತು. ಹಿಂದಿನ ಎರಡು ಬೆಂಚು, ಎದುರು ಬದುರು ಕೂರುವ ಉದ್ದನೆಯವು, ಅವನ್ನು ಕಿತ್ತುಹಾಕುವುದು. ಆ ಜಾಗದಲ್ಲಿ ಮುಂದಕ್ಕೆ ಮುಖ ಮಾಡಿದ ಎರಡು ಬಕೆಟ್ ಸೀಟು, ಬೆಲ್ಟು. ನೆಲಕ್ಕೆ ಸದ್ದು ತಡೆಯುವ ಶೀಟು, ಮೇಲೆ ಕಾರ್ಪೆಟ್ಟು. ಸರಪಳಿಗೆ ರಬ್ಬರ್ ಪೈಪು. "ಪಿನ್ ಡ್ರಾಪ್ ಸೈಲೆನ್ಸ್ ಅತ್ತೆ, ನಿನ್ನ ಕ್ಲಾಸ್‌ರೂಮಿನ ಥರ" ಅಂತ ನಕ್ಕಳು, ನಾನು ಇಂಗ್ಲಿಷ್ ಟೀಚರಾಗಿದ್ದದ್ದನ್ನು ನೆನೆದು. ಬೆಂಚು ಹಾಗೇ ಇರಲಿ ಕಣೇ ಅಂದೆ. ಯಾಕೆ ಅಂದಳು. ಸುಮ್ಮನೆ ಅಂದೆ. ಬಾಷಾ ಸಾಬರು ಬಾಯಲ್ಲಿದ್ದ ಮೊಳೆ ತೆಗೆದು, "ಅಮ್ಮಾ, ಇದೇನು ಲಗೇಜ್ ಆಟೋನಾ, ಪಕ್ಕಕ್ಕೆ ತಿರುಗಿ ಕೂರಕ್ಕೆ? ಈಗಿನ ಗಿರಾಕಿಗೆ ಎಲ್ಲಾ ಮುಂದಕ್ಕೇ ಕಾಣ್ಬೇಕು" ಅಂದರು. ಸೋಮವಾರ ಬೆಂಚು ಬಿಚ್ಚುವುದು ಅಂತ ತೀರ್ಮಾನವಾಯಿತು. ನಾನು ಮನೆಗೆ ಬಂದು ಕಾಫಿ ಮಾಡಿಕೊಂಡು, ಅದನ್ನು ಕುಡಿಯುವುದು ಮರೆತು, ಭದ್ರಾವತಿಗೆ ಹೋಗಿಬಿಟ್ಟಿದ್ದೆ, ಕೂತಲ್ಲೇ.

ಅಲ್ಲಿ ನಮ್ಮದು ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸು. ಹಗಲೆಲ್ಲ ದೂರದಲ್ಲಿ ಏನೋ ಒಂದು ಗುಂಯ್ ಅನ್ನುತ್ತಲೇ ಇರುತ್ತಿತ್ತು. ಶಿಫ್ಟಿನ ಸೈರನ್ನಿಗೆ ಎಲ್ಲರ ಮನೆಯ ಕುಕ್ಕರೂ ಒಟ್ಟಿಗೆ ಕೂಗುತ್ತಿದ್ದವು. ಒಗೆದು ಹಾಕಿದ ಬಟ್ಟೆಯ ಮೇಲೆ ಕಪ್ಪು ಮಸಿ ಬಂದು ಕೂರುತ್ತಿತ್ತು. ಪಕ್ಕದ ಮನೆಯಲ್ಲಿ ತಮಿಳು, ಹಿಂದಿನ ಮನೆಯಲ್ಲಿ ತೆಲುಗು, ಸುಬ್ಬತ್ತೆಗೆ ಮಾತ್ರ ಎಲ್ಲ ಭಾಷೆಯಲ್ಲೂ ಜಗಳವಾಡಲು ಬರುತ್ತಿತ್ತು. ಗಂಡನ ಮನೆಯಿಂದ ವಾಪಸು ಬಂದವಳು ಅವಳು. ಯಾಕೆ ಅಂತ ನಮ್ಮೆದುರು ಯಾರೂ ಹೇಳುತ್ತಿರಲಿಲ್ಲ, ಅವಳೂ ಹೇಳಲಿಲ್ಲ. ತಂದಿದ್ದು ಒಂದು ಹೊಲಿಗೆ ಮಷೀನು. ಅದರಲ್ಲಿ ಬೀದಿಯ ಎಲ್ಲರ ಲಂಗ ರವಿಕೆ ಹೊಲಿದಳು. ಕಾರ್ಖಾನೆಯ ಹರಾಜಿನಲ್ಲಿ ಅಪ್ಪ ಹಳೇ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದಾಗ, ಅದರ ಸೀಟು ನೋಡಿ, "ಇದೇನೋ, ಇದರೊಳಗೆ ಕರಡಿ ಸಾಕಿದ್ರೇನೋ?" ಅಂತ ಕೇಳಿದ್ದಳು. ನಾರು ಅಷ್ಟು ಹೊರಗೆ ಬಂದಿತ್ತು. ಮರುದಿನವೇ ನೀಲಿ ಚೌಕಳಿಯ ಬೆಡ್‌ಶೀಟು ಕತ್ತರಿಸಿ ಎರಡೂ ಬೆಂಚಿಗೆ ಕವರು ಹೊಲಿದಳು, ಅಂಚಿಗೆ ಕೆಂಪು ಪಟ್ಟಿ ಬೇರೆ. ಬೆಂಚಿನ ಕೆಳಗೆ ಸ್ಪ್ಯಾನರ್ ಇಡುವ ಪೆಟ್ಟಿಗೆಯನ್ನು ತಿಕ್ಕಿ ತೊಳೆದು ಅದರಲ್ಲಿ ಕೋಡುಬಳೆ ಡಬ್ಬ ಇಟ್ಟಳು. ಅಪ್ಪ ಪಂಕ್ಚರ್ ಆದಾಗ ಜಾಕ್ ಹುಡುಕುತ್ತಾ, "ಅಕ್ಕಾ, ಇದು ಜೀಪೋ ಅಡುಗೆ ಮನೆಯೋ?" ಅಂದರೆ, "ಹಸಿವಾದ್ರೆ ಜಾಕ್ ತಿಂತೀಯಾ ಮಾರಾಯ?" ಅಂತಿದ್ದಳು.

ಹೈಸ್ಕೂಲಿಗೆ ನನ್ನನ್ನು ಶಿವಮೊಗ್ಗದಲ್ಲಿ ಬೋರ್ಡಿಂಗಿಗೆ ಹಾಕಿದರು. ಶನಿವಾರ ಬಸ್ಸಿನಲ್ಲಿ ಮನೆಗೆ, ಭಾನುವಾರ ಸಂಜೆ ಜೀಪಿನಲ್ಲಿ ವಾಪಸು. ಮುಂದೆ ಅಪ್ಪ, ಪಕ್ಕದಲ್ಲಿ ಅಮ್ಮ, ಅಮ್ಮನ ತೊಡೆಯ ಮೇಲೆ ತಮ್ಮ. ಹಿಂದೆ ನಾನು ಮತ್ತು ಸುಬ್ಬತ್ತೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ. ಅವಳ ಜಾಗ ಎಡಗಡೆ ಬೆಂಚಿನ ತುದಿ, ಬಾಲದ ಪಕ್ಕ. ಕ್ಯಾನ್ವಾಸಿನ ಹಿಂಪರದೆ ಸುತ್ತಿ ಮೇಲೆ ಕಟ್ಟಿರುತ್ತಿದ್ದಳು, ಗಾಳಿ ಬೇಕು ಅಂತ. ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ತನ್ನ ಕಡೆಯ ಸರಪಳಿಯ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿರುತ್ತಿದ್ದಳು, ಬೀಳಬಾರದು ಅಂತ. ಹಾಗಾಗಿ ಅವಳು ಕೂತ ಜೀಪಿನಲ್ಲಿ ಒಂದೇ ಸರಪಳಿ ಸದ್ದು ಮಾಡುತ್ತಿತ್ತು. ಇನ್ನೊಂದು ಅವಳ ಕೈಯೊಳಗೆ ಬೆಚ್ಚಗೆ ಸುಮ್ಮನಿರುತ್ತಿತ್ತು. ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ, ಒಂದೊಂದೂ ನಮ್ಮ ಬೆನ್ನ ಹಿಂದಿನಿಂದ ಬಂದು, ಬಾಲದಾಚೆಗೆ ಚಿಕ್ಕದಾಗುತ್ತಾ ಹೋಗುತ್ತಿದ್ದವು. ಬಿಸಿ ಪೆಟ್ರೋಲಿನ ವಾಸನೆ, ಅತ್ತೆಯ ತಲೆಯ ಕೊಬ್ಬರಿ ಎಣ್ಣೆಯ ವಾಸನೆ, ನನ್ನ ಮಡಿಲಿನ ಡಬ್ಬದ ಚಟ್ನಿಪುಡಿಯ ವಾಸನೆ. ಅರ್ಧ ನಿದ್ದೆಯಲ್ಲಿ ನನಗೆ ಜೀಪು ನಿಂತಲ್ಲೇ ನಿಂತಿದೆ, ರಸ್ತೆಯನ್ನೇ ಯಾರೋ ನಮ್ಮ ಕೆಳಗಿನಿಂದ ಸೀರೆಯ ಹಾಗೆ ಎಳೆದುಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು.

ಅತ್ತೆಗೆ ಶಿವಮೊಗ್ಗದಲ್ಲಿ ಕೆಲಸವೇನೂ ಇರುತ್ತಿರಲಿಲ್ಲ. ನೀವ್ಯಾಕೆ ಸುಮ್ಮನೆ ಧೂಳು ಕುಡಿಯೋಕೆ ಬರ್ತೀರಿ ಅಂತ ಅಮ್ಮ ಕೇಳಿದರೆ, "ಹಿಂದೆ ಮಗು ಒಂದೇ ಆಗುತ್ತಲ್ಲ" ಅನ್ನುವುದು ಅವಳ ಉತ್ತರ. ಮಗುವಿಗೆ ಆಗ ಎರಡು ಜಡೆ, ಅವಳಷ್ಟೇ ಎತ್ತರ. ಗೇಟಿನಲ್ಲಿ ನನ್ನನ್ನು ಇಳಿಸಿ ಜೀಪು ಹೊರಟಾಗ ಅವಳು ಜೋರಾಗಿ ಕೂಗುತ್ತಿದ್ದಳು: "ಗುಡ್ ಈವ್ನಿಂಗ್!" ಸಂಜೆ ಹೊತ್ತು ಹಾಗೆ ಅನ್ನಬೇಕು ಅಂತ ಕಲಿಸಿದವಳು ನಾನೇ. ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಒಬ್ಬ ಸಿಸ್ಟರು ನನ್ನನ್ನು ಕರೆದು, ಗುಡ್ ಈವ್ನಿಂಗ್ ಇಸ್ ಫಾರ್ ಮೀಟಿಂಗ್, ಮೈ ಡಿಯರ್, ಗುಡ್ ನೈಟ್ ಇಸ್ ಫಾರ್ ಪಾರ್ಟಿಂಗ್, ಟೆಲ್ ಯುವರ್ ಆಂಟಿ ಅಂದರು. ನಾನು ಹೇಳಿದೆ. ಅತ್ತೆ ಕೋಡುಬಳೆ ಕರಿಯುತ್ತಾ ಯೋಚನೆ ಮಾಡಿದಳು.

"ನಾವು ಹೊರಡೋವಾಗ ಏನಂತೀವಿ? ಹೋಗ್ತೀನಿ ಅಂತೀವಾ?"

"ಇಲ್ಲ. ಬರ್ತೀನಿ ಅಂತೀವಿ."

"ಮತ್ತೆ? ಹೋಗೋವಾಗ ಬರೋ ಮಾತೇ ಆಡ್ಬೇಕು ಕಣೇ ಮಾರಾಯ್ತಿ. ನಿಮ್ಮ ಸಿಸ್ಟರಿಗೆ ಹೇಳು."

ನಾನು ಸಿಸ್ಟರಿಗೆ ಹೇಳಲಿಲ್ಲ ಬಿಡಿ. ಆದರೆ ಮುಂದೆ ಎಷ್ಟೋ ವರ್ಷ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವಾಗ, ಈ ಗ್ರೀಟಿಂಗ್ಸ್ ಪಾಠ ಬಂದರೆ ನನ್ನ ನಾಲಿಗೆ ಒಂದು ಕ್ಷಣ ತಡೆಯುತ್ತಿತ್ತು.

ಸೋಮವಾರ ನಾನೇ ಆಟೋ ಹಿಡಿದು ಶೆಡ್ಡಿಗೆ ಹೋದೆ. ಬಲಗಡೆಯ ಬೆಂಚು ಆಗಲೇ ಅಂಗಳದಲ್ಲಿ ಮಲಗಿತ್ತು. ಬಾಷಾ ಸಾಬರು ಎಡಗಡೆಯದರ ಬೋಲ್ಟಿಗೆ ಎಣ್ಣೆ ಬಿಡುತ್ತಿದ್ದರು. ಅದನ್ನು ಮುಟ್ಟಬೇಡಿ ಅಂದೆ, ನನ್ನ ದನಿ ನನಗೇ ಪರಕೀಯವಾಗುವಷ್ಟು ಜೋರಾಗಿ. ಸಿಂಚನ ಜೀಪಿನ ಕೆಳಗಿನಿಂದ ಹೊರಗೆ ಬಂದಳು.

"ಅತ್ತೆ, ನಿನ್ನ ಸೊಂಟ ಏನಾಗುತ್ತೆ ಈ ಬೆಂಚಲ್ಲಿ? ಅಷ್ಟಕ್ಕೂ ನೀನ್ಯಾಕೆ ಹಿಂದೆ ಕೂರ್ಬೇಕು? ನೀನು ಮುಂದೆ, ನನ್ನ ಪಕ್ಕ. ಕ್ವೀನ್ ಥರ."

ಮುಂದೆ ಒಂದು ಸಲ ಕೂತಿದ್ದೀನಿ ಕಣೇ ಅಂದೆ. ಆಮೇಲೆ, ಆ ಸ್ಟೂಲಿನ ಮೇಲೆ ಕೂತು, ನನ್ನ ತಮ್ಮನಿಗೂ ಸರಿಯಾಗಿ ಹೇಳದಿದ್ದದ್ದನ್ನು ಅವಳಿಗೆ ಹೇಳಿದೆ.

ಎಸ್ಸೆಸ್ಸೆಲ್ಸಿ ವರ್ಷ ಪರೀಕ್ಷೆ ಮುಗಿಯುವವರೆಗೆ ನಮ್ಮನ್ನು ಮನೆಗೆ ಕಳಿಸುತ್ತಿರಲಿಲ್ಲ. ಕೊನೆಯ ಪೇಪರ್ ಮುಗಿಸಿ ಟ್ರಂಕು ಕಟ್ಟಿಕೊಂಡು ಮೇಲಿನ ವರಾಂಡದಲ್ಲಿ ಕಾಯುತ್ತಿದ್ದೆ. ಬಿಸಿಲಿಗೆ ಅಂಗಳದ ಮರಳು ಬೆಳ್ಳಗೆ ಹೊಳೆಯುತ್ತಿತ್ತು. ರಸ್ತೆಯ ತಿರುವಿನಾಚೆ ನಮ್ಮ ಜೀಪಿನ ಸದ್ದು ಕೇಳಿಸಿತು. ಝಣ್, ಝಣಕ್. ಝಣ್, ಝಣಕ್. ಒಂದರ ಹಿಂದೆ ಒಂದು, ಎರಡು ಸದ್ದು. ಎರಡೂ ಸರಪಳಿ ಬಡಿಯುತ್ತಿದ್ದವು. ಜೀಪು ಕಾಣುವ ಮೊದಲೇ ನನಗೆ ಗೊತ್ತಾಯಿತು, ಅತ್ತೆ ಬಂದಿಲ್ಲ ಅಂತ. ಅಷ್ಟೇ ಗೊತ್ತಾಗಿದ್ದು. ಪರೀಕ್ಷೆ ಮುಗಿದ ಸಂತೋಷವನ್ನು ಪೊಟ್ಟಣದ ಹಾಗೆ ಕಟ್ಟಿಟ್ಟುಕೊಂಡು ಕೆಳಗೆ ಓಡಿದೆ. ಅಪ್ಪ ಒಬ್ಬರೇ. ಟ್ರಂಕನ್ನು ಅತ್ತೆಯ ಬೆಂಚಿನ ಮೇಲೆ ಇಟ್ಟರು. ನಾನು ಹಿಂದೆ ಹತ್ತಲು ಹೋದರೆ, "ಮುಂದೆ ಬಾ ಮಗಳೇ, ಇಲ್ಲಿ ಕೂತ್ಕೋ" ಅಂದರು. ಅದುವರೆಗೆ ಅಪ್ಪ ನನ್ನನ್ನು ಮುಂದೆ ಕೂರಿಸಿಕೊಂಡವರಲ್ಲ. ಶಿವಮೊಗ್ಗ ಹಿಂದಾಗಿ ಬಯಲು ಬಂತು. ಆಮೇಲೆ ರಸ್ತೆ ನೋಡುತ್ತಲೇ, "ಅಕ್ಕ ಹೋದಳು ಕಣೇ" ಅಂದರು. ಎದೆನೋವು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದವಳು ವಾಪಸು ಬರಲಿಲ್ಲವಂತೆ. ಮಗುವಿಗೆ ಪರೀಕ್ಷೆ, ಹೇಳಬೇಡಿ ಅಂತ ಅವಳೇ ಅಂದಿದ್ದಳಂತೆ. ಹೋಗ್ತೀನಿ ಅಂತ ಒಂದು ದಿನವೂ ಅನ್ನದವಳ ಬಗ್ಗೆ ಅಪ್ಪನ ಬಾಯಲ್ಲಿ ಬಂದ ಮಾತು ಅದು. ದಾರಿಯುದ್ದಕ್ಕೂ ನಮ್ಮ ಬೆನ್ನ ಹಿಂದೆ ಆ ಎರಡು ಸರಪಳಿ.

ಸಿಂಚನ ಕೈಯ ಗ್ರೀಸನ್ನು ವೇಸ್ಟ್ ಬಟ್ಟೆಗೆ ಬಹಳ ಹೊತ್ತು ಒರೆಸಿದಳು. "ಮೊದಲೇ ಹೇಳೋಕೇನಾಗಿತ್ತು ನಿಂಗೆ?" ಅಂತ ಗದರಿದಳು, ಮೂಗು ಕೆಂಪಾಗಿತ್ತು. ಬಾಷಾ ಸಾಬರಿಗೆ, ಬಲಗಡೆ ಬೆಲ್ಟಿನ ಹೊಸ ಸೀಟು ಬರಲಿ, ಎಡಗಡೆ ಬೆಂಚು ಹಾಗೇ ಇರಲಿ ಅಂದಳು. "ಒಂದು ಕಿವಿಗೆ ಓಲೆ, ಒಂದು ಕಿವಿ ಖಾಲಿ" ಅಂತ ಅವರು ಗೊಣಗಿದರು. ಗೊಣಗುತ್ತಲೇ, ಅತ್ತೆಯ ಕವರಿನ ಬಗ್ಗೆ ನನ್ನನ್ನು ಕೇಳಿ ತಿಳಿದು, ಎಲ್ಲಿಂದಲೋ ನೀಲಿ ಚೌಕಳಿ ಬಟ್ಟೆ ಹುಡುಕಿ ತಂದರು. ಕೆಂಪು ಅಂಚು ಅವರದೇ ಕೈಚಳಕ. ಸರಪಳಿಗೆ ರಬ್ಬರು ಹಾಕಲಿಲ್ಲ.

ಜೀಪು ಸಿದ್ಧವಾದ ಸಂಜೆ ನಾನು ಆ ಬೆಂಚಿನ ತುದಿಯಲ್ಲಿ ಕೂತೆ. ಸಿಂಚನ ಮುಂದಿನಿಂದ, "ಅತ್ತೆ, ಬಾಲ ಹಾಕಿದ್ಯಾ?" ಅಂದಳು. ಅವಳಿಗೆ ಆ ಮಾತು ಅವಳಪ್ಪನಿಂದ ಬಂದಿರಬೇಕು. ಹಾಕ್ದೆ, ಹೊರಡೇ ಅಂದೆ. ಸೊಂಟ ನಿಜಕ್ಕೂ ನೋಯುತ್ತಿತ್ತು, ಐ ಮಸ್ಟ್ ಅಡ್ಮಿಟ್. ಸರಪಳಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ತಣ್ಣಗಿದ್ದ ಕಬ್ಬಿಣ ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಎದುರಿನ ಸರಪಳಿ ಒಂಟಿಯಾಗಿ ಹಾಡಿಕೊಳ್ಳುತ್ತಿತ್ತು. ಶಿವಮೊಗ್ಗದ ಅಂಗಡಿ ದೀಪಗಳು ಬಾಲದಾಚೆಗೆ ಒಂದೊಂದಾಗಿ ಚಿಕ್ಕದಾಗುತ್ತಿದ್ದವು. ಅತ್ತೆಗೆ ಪ್ರತಿ ಭಾನುವಾರ ವಾಪಸು ಹೋಗುವಾಗ ಏನು ಕಾಣುತ್ತಿತ್ತು ಅಂತ ಈ ವಯಸ್ಸಿನಲ್ಲಿ ನನಗೆ ಕಂಡಿತು. ನಾನು ಕಾಣುತ್ತಿದ್ದೆ.

ಪರೀಕ್ಷೆಗೆ ಮುಂಚಿನ ಆ ಕೊನೆಯ ಭಾನುವಾರ ಬೇರೆ ಭಾನುವಾರಗಳ ಹಾಗೇ ಇತ್ತು. ಬೋರ್ಡಿಂಗಿನ ಗೇಟಿನಲ್ಲಿ ಅತ್ತೆ ಚಟ್ನಿಪುಡಿಯ ಡಬ್ಬ ನನ್ನ ಕೈಗಿಟ್ಟು, ಪರೀಕ್ಷೆ ಮುಗಿಯೋವರೆಗೂ ಇದು ಬರಬೇಕು, ಗೆಳತಿಯರಿಗೆಲ್ಲ ಹಂಚಿಬಿಡಬೇಡ ಅಂದಳು. ಜೀಪು ಹೊರಟಿತು. ಅಪ್ಪ ಅಮ್ಮನ ತಲೆಗಳ ಹಿಂಭಾಗ ಮಾತ್ರ ಕಾಣುತ್ತಿತ್ತು, ಅವರು ಮುಂದೆ ನೋಡುತ್ತಿದ್ದರು; ಅಮ್ಮನ ಕೈಯೊಂದು ಹೊರಗೆ ಚಾಚಿ ಆಡಿ ಒಳಗೆ ಹೋಯಿತು. ಬೆಂಚಿನ ತುದಿಯಲ್ಲಿ ಸುಬ್ಬತ್ತೆ, ಪರದೆ ಎತ್ತಿ ಕಟ್ಟಿದ ಆ ಚೌಕದೊಳಗೆ, ಸಂಜೆಯ ಬಿಸಿಲು ಮುಖದ ಮೇಲೆ ನೇರವಾಗಿ ಬಿದ್ದು, ಸೆರಗು ಹಾರುತ್ತಾ, ಮುಷ್ಟಿಯಲ್ಲಿ ಸರಪಳಿ. ಧೂಳು ಎದ್ದಿತು. ಇನ್ನೊಂದು ಸರಪಳಿಯ ಸದ್ದು ದೂರವಾಗುತ್ತಾ ಹೋಯಿತು. ಅವಳ ಬಾಯಿ ತೆರೆದದ್ದು ಕಾಣಿಸಿತು, ಮಾತು ನನ್ನವರೆಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ನಾನೂ ಕೂಗಿದೆ, ಗುಡ್ ಈವ್ನಿಂಗ್ ಅತ್ತೆ. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಅವಳ ಮುಖ ನನ್ನ ಕಡೆಗೇ ಇತ್ತು.