ಕತ್ತರಿ ಪಾಲು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಯಾರದೋ ಅಂಗಿಗೆ ಗುಂಡಿ ಹಚ್ಚುವುದು ನೆನಪಾಗಿ ಎದ್ದಿದ್ದೇನೆ. ‘ನಾಳೆ ಬರ್ರಿ’ ಎಂದು ಊರಿಗೆಲ್ಲ ಹೇಳುತ್ತ ಬಂದ ಟೈಲರು ನಾನು. ನನಗೂ ಅದನ್ನೇ ಹೇಳಿಕೊಂಡೆ.

ಈಗ ಬರೆಯಲು ಕಾರಣ ಒಂದು ಕರಿಕೋಟು. ಅದರ ತೋಳು ಸಡಿಲ ಮಾಡಿಸಲು ರಾಯದುರ್ಗದ ನನ್ನ ಅಂಗಡಿಗೆ ಬಂದ ವಯಸ್ಸಾದ ವಕೀಲರು, ಕೆಲಸ ಮುಗಿಯುವ ತನಕ ಹಳೆಯ ಧರ್ಮಶಾಸ್ತ್ರಗಳು ಕಳ್ಳರಿಗೆ ಇಟ್ಟ ಹೆಸರುಗಳನ್ನು ಹೇಳುತ್ತ ಕೂತರು. ಗೋಡೆಗೆ ಕನ್ನ ಹಾಕುವವನು ಸಂಧಿಭೇದಕ. ಬಟ್ಟೆಯ ಗಂಟು ಕತ್ತರಿಸಿ ಕಾಸು ಹಾರಿಸುವವನು ಗ್ರಂಥಿಭೇದಕ. ಮಾಲೀಕ ಅತ್ತ ನೋಡಿದಾಗ ಇತ್ತ ಬಟ್ಟೆ ಎತ್ತುವವನು ಉತ್ಕ್ಷೇಪಕ. ಮರೆಯಲ್ಲಿ ಕದಿಯುವವರು ಅಪ್ರಕಾಶ ತಸ್ಕರರು, ಎಲ್ಲರೆದುರು ಕದಿಯುವವರು ಪ್ರಕಾಶ ತಸ್ಕರರು. ನಾನು ಹತ್ತನೇ ಕ್ಲಾಸಿನ ತನಕ ಓದಿದವನು. ನಮಗೆ ಕಳ್ಳ ಅಂದರೆ ಕಳ್ಳ, ಅಷ್ಟೇ. ಇಷ್ಟು ಬಗೆ ಇವೆಯೆಂದು ತಿಳಿದು ಖುಷಿಯೇ ಆಯಿತು.

“ಎಲ್ಲರ ಎದುರಿಗೆ ಕದಿಯೋರು ಅಂದ್ರ ಯಾರ್ರಿ ಸಾರ್?”

“ತೂಕದಾಗ ಹೊಡಿಯೋ ವ್ಯಾಪಾರಿ, ಗಿರಾಕಿ ಮಾಲು ನುಂಗೋ ಕಸುಬುದಾರ. ಯಾಕ್ರಿ, ಟೇಪು ಕೈಯಾಗಿಂದ ಬಿತ್ತು?”

“ಏನಿಲ್ರಿ, ವಯಸ್ಸಾತು.”

ಮಡಕಶಿರದಲ್ಲಿ ನನಗೆ ಹೊಲಿಗೆ ಕಲಿಸಿದ ಮೇಸ್ತ್ರಿ, “ಉಳಿದಿದ್ದು ಕತ್ರಿ ಪಾಲು ಕಣ್ಲಾ” ಎನ್ನುತ್ತಿದ್ದರು. ಗಿರಾಕಿಗೆ ಒಂದು ಗೇಣು ಹೆಚ್ಚೇ ಬಟ್ಟೆ ಹೇಳುವುದು, ಒತ್ತಿ ಕತ್ತರಿಸಿ ಉಳಿಸುವುದು. ಅದನ್ನು ಕಳವು ಎಂದು ನಾವು ಯಾರೂ ಕರೆದಿರಲಿಲ್ಲ. ನನ್ನ ಮನೆಯ ದಿಂಬುಗಳಲ್ಲಿ ಅರ್ಧ ಊರಿನ ಅಂಗಿಗಳಿದ್ದವು.

ನನ್ನ ಮಗಳು ಚಿಕ್ಕವಳಿದ್ದಾಗ ಒಮ್ಮೆ ಕಣೇಕಲ್ಲಿನಿಂದ ಈ ಅಂಗಡಿಗೆ, ಭತ್ತದ ಗದ್ದೆಗೆ ಕೂಲಿ ಹೋಗುವ ಹೆಂಗಸೊಬ್ಬಳು ಮಗಳ ಲಂಗಕ್ಕೆಂದು ಹಸಿರು ಹೂವಿನ ಬಟ್ಟೆ ತಂದಳು. ನಾನು ಲಂಗದ ನೆರಿಗೆ ಕಡಿಮೆ ಮಾಡಿ, ನನ್ನ ಮಗಳಿಗೊಂದು ಫ್ರಾಕು ಹೊಲಿದೆ. ಆಕೆ ಲಂಗ ಒಯ್ಯಲು ಬಂದ ಹೊತ್ತಿಗೇ ನನ್ನ ಮಗಳು ಬುತ್ತಿ ತಂದಳು, ಅದೇ ಫ್ರಾಕು ಹಾಕಿಕೊಂಡು. ಅಂಗಡಿ ತುಂಬ ಜನ.

“ಅಯ್ಯ, ಎರಡೂ ಒಂದ ಬಟ್ಟಿ ಅಲ್ಲೇನವ್ವಾ?” ಎಂದಳು ಪಕ್ಕದಲ್ಲಿದ್ದ ಗಿರಾಕಿ.

ಕಣೇಕಲ್ಲಿನಾಕೆ ಬಾಯಿ ಬಿಟ್ಟರೆ ನನ್ನ ಅಂಗಡಿ ಅವತ್ತಿಗೇ ಮುಗಿಯುತ್ತಿತ್ತು. ಲಂಗದ ವಿರಳ ನೆರಿಗೆಯ ಮೇಲೆ ಆಕೆ ಒಮ್ಮೆ ಕೈಯಾಡಿಸಿದಳು.

“ಹೂನವ್ವಾ, ಒಂದ. ಉಳಿದ್ರ ನಿಮ್ ಕೂಸಿಗೆ ಹೊಲಕೊಳ್ರಿ ಅಂತ ನಾನ ಹೇಳಿದ್ದೆ. ಚಂದ ಒಪ್ಪೈತಿ ನೋಡು.”

ಅವತ್ತಿನಿಂದ ಉಳಿದ ಚೂರನ್ನೆಲ್ಲ ಅವರವರ ಬಟ್ಟೆಯೊಳಗೇ ಮಡಚಿಟ್ಟು ಕೊಡುತ್ತೇನೆ. ಆಕೆ ಆಮೇಲೂ ನನ್ನ ಅಂಗಡಿಗೇ ಬರುತ್ತಿದ್ದಳು. “ಕೂಸು ಹೆಂಗೈತ್ರಿ ಟೈಲರಣ್ಣ?” ಎಂದು ಕೇಳುತ್ತಿದ್ದಳು. ನಾನು ಚಹಾ ತರಿಸುತ್ತಿದ್ದೆ, ಕೇಳದಿದ್ದರೂ ನೆರಿಗೆ ಹೆಚ್ಚು ಹಿಡಿಯುತ್ತಿದ್ದೆ. ‘ತಪ್ಪಾಯಿತು’ ಎಂಬ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಬರುವಷ್ಟರಲ್ಲಿ ಆಕೆಯೇ ಇಲ್ಲವಾದಳು.

ಕೋಟು ತೊಟ್ಟು ತೋಳು ಆಡಿಸಿ ನೋಡುತ್ತ ವಕೀಲರು ಹೇಳಿದರು: ಬಟ್ಟೆ ಎತ್ತುವ ಕಳ್ಳನ ಹೆಬ್ಬೆರಳು, ತೋರುಬೆರಳು ಕತ್ತರಿಸಬೇಕೆಂದು ಶಾಸ್ತ್ರವಿತ್ತಂತೆ. ಸೂಜಿ ಹಿಡಿಯುವ ಬೆರಳುಗಳೇ ಅವು. ಮಗಳ ಮದುವೆಯ ರವಿಕೆ, ಮೊಮ್ಮಗನ ಕುಲಾವಿ ಹೊಲಿದದ್ದು ಅವುಗಳಿಂದಲೇ. ಈ ಪೆನ್ನು ಹಿಡಿದಿರುವುದೂ ಅವೇ.

“ಕಳ್ಳಗ ಇಷ್ಟು ಹೆಸರು ಇಟ್ಟಾರ. ಕಳ್ಳನ್ನ ಉಳಿಸಿದೋರಿಗೆ ಒಂದೂ ಇಲ್ಲೇನ್ರಿ ಸಾರ್?” ಎಂದೆ.

ವಕೀಲರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, ತಮಗೆ ತಿಳಿದ ಮಟ್ಟಿಗೆ ಇಲ್ಲ ಎಂದರು.

ನನಗೊಂದು ಗೊತ್ತಿದೆ. ಹೊನ್ನೂರಮ್ಮ.