ಮುಲಾಮು ನಿಷೇಧವಿದ್ದ ಮನೆಯಿಂದ ನಲವತ್ತೆರಡು ಕಿಲೋಮೀಟರು

ನಮ್ಮ ಮನೆಯಲ್ಲಿ ನೋವಿನ ಮುಲಾಮಿಗೆ ಪ್ರವೇಶವಿಲ್ಲ. ಮುಲಾಮಿಗಷ್ಟೇ ಅಲ್ಲ, ಸೊಳ್ಳೆಬತ್ತಿ, ಬೀಡಿ, ನಶ್ಯ, ಮುಖದ ಪೌಡರು, ಮದುವೆಗೆ ಹೊರಡುವಾಗ ಅಂಗಿಗೆ ಹೊಡೆದುಕೊಳ್ಳುವ ಸೆಂಟು, ಯಾವುದಕ್ಕೂ ಇಲ್ಲ. ದೇವರಿಗೂ ರಿಯಾಯಿತಿ ಕೊಟ್ಟಿಲ್ಲ. ಊದುಬತ್ತಿಯಿಲ್ಲದೆ ಹೂವಿನಲ್ಲೇ ತೃಪ್ತಿ ಪಡುವುದನ್ನು ಅವನು ಕಲಿತು ಎಷ್ಟೋ ವರ್ಷವಾಯಿತು.

ಕಾರಣ ರೇಷ್ಮೆಹುಳು. ರಾಮನಗರದಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ಎರಡು ಮೈಲಿ ಒಳಗೆ ಬಂದರೆ ನಮ್ಮೂರು. ವಾಸದ ಮನೆಗೆ ಅಂಟಿಕೊಂಡೇ ಹುಳುಮನೆ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಹುಳುಮನೆಯ ಸರ್ವಾಧಿಕಾರ ನನ್ನ ಹೆಂಡತಿಯದು. ನಾನು ರಾಮನಗರದ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತ. ಹುಳುಮನೆಯಲ್ಲಿ ಅವಳ ಕೈಕೆಳಗಿನ ತಾತ್ಕಾಲಿಕ ನೌಕರ. ಹುಳುವಿಗೆ ಘಾಟು ವಾಸನೆ ಆಗುವುದಿಲ್ಲ. ತಲೆ ತಿರುಗಿಸಿ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ. ಸೊಪ್ಪು ಬಿಟ್ಟ ಹುಳು ಗೂಡು ಕಟ್ಟುವುದಿಲ್ಲ. ಮನೆಮಂದಿಯೆಲ್ಲ ತಿಂಗಳು ದುಡಿದದ್ದು ತಿಪ್ಪೆಗೆ ಹೋಗುತ್ತದೆ. ಇಷ್ಟು ಗೊತ್ತಿದ್ದೂ ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಮ್ಯಾರಥಾನ್ ಓಡಲು ಹೊರಟೆ.

ಮೊದಲ ಅಪರಾಧ ಡಾಕ್ಟರರದು. ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿದೆ, ದಿನಾ ನಡೆಯಿರಿ ಎಂದರು. ನಡೆಯಲು ರಾಮನಗರದ ಮೈದಾನಕ್ಕೆ ಹೋದೆ. ಅಲ್ಲಿ ಹತ್ತು ಹನ್ನೆರಡು ಜನ ಬೆಳಿಗ್ಗೆ ಓಡುತ್ತಿದ್ದರು. ಅವರ ಮುಖಂಡರು ನಿವೃತ್ತ ಡ್ರಿಲ್ ಮೇಷ್ಟ್ರು. ಎಪ್ಪತ್ತು ಹತ್ತಿರವಾಗಿದ್ದರೂ ಪೀಪಿ ಕೊರಳಲ್ಲೇ ಇತ್ತು. ಆ ಬಳಗ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳುತ್ತಿತ್ತು. ಹಸಿರು ಮುಲಾಮಿನವರು, ಹಳದಿ ಮುಲಾಮಿನವರು, ಡಬ್ಬಿಯಿಂದ ಬುಸ್ಸೆಂದು ಹೊಡೆದುಕೊಳ್ಳುವ ಸ್ಪ್ರೇಯವರು ಎಂದು ಅವರಲ್ಲಿ ಮೂರು ಪಂಗಡಗಳಿದ್ದವು. ಅರ್ಧ ಗಂಟೆ ಓಡಿದರೆ ಒಂದು ಗಂಟೆ ಮಂಡಿಯ ಮಾತು. ಒಬ್ಬರಿಗೆ ಹಿಮ್ಮಡಿ, ಒಬ್ಬರಿಗೆ ಮೀನಖಂಡ. ಯಾವ ನೋವೂ ಇಲ್ಲದ ನಾನು ಅವರ ನಡುವೆ ಅನುಭವವಿಲ್ಲದ ಅಭ್ಯರ್ಥಿಯಂತೆ ಕೈಕಟ್ಟಿ ಕೂತಿರುತ್ತಿದ್ದೆ.

ಎರಡನೆಯ ಅಪರಾಧ ಭಾವಮೈದುನನದು. ಅವನು ಮಾಗಡಿ ಕಡೆ ಕೆಂಪಾಪುರದಲ್ಲಿರುವವನು, ನನ್ನ ಹೆಂಡತಿಯ ತಮ್ಮ. ಚನ್ನಪಟ್ಟಣದಿಂದ ರಾಮನಗರ ಹಾಯ್ದು ಕನಕಪುರದವರೆಗೆ ಓಟ ನಡೆಯುತ್ತದಂತೆ, ದೂರ ಸಾಲದೆ ಬಂದರೆ ಚನ್ನಪಟ್ಟಣದ ಬೀದಿಗಳಲ್ಲೇ ಸುತ್ತಿಸಿ ನಲವತ್ತೆರಡು ಮಾಡುತ್ತಾರಂತೆ ಎಂದು ನಾನು ಊಟಕ್ಕೆ ಕೂತಾಗ ಸುದ್ದಿಗಾಗಿ ಹೇಳಿದೆ. ಅವನು ಮುದ್ದೆ ಮುರಿಯುತ್ತಾ, "ಓಡಿ ಭಾವ, ಓಡಿ. ನಿಮ್ಮನ್ನ ಹೊತ್ಕೊಂಡ್ ಬರಕ್ಕೆ ನಾಕು ಆಳು ನಾನೇ ಕರ್ಕೊಂಡ್ ಬತ್ತೀನಿ" ಎಂದ. ಮಾರನೆಯ ದಿನವೇ ನಾನು ಹೆಸರು ಕೊಟ್ಟೆ. ದೊಡ್ಡ ನಿರ್ಧಾರಗಳನ್ನೆಲ್ಲ ಮನುಷ್ಯ ಇಂಥ ಘನವಾದ ಕಾರಣಗಳಿಗಾಗಿಯೇ ಮಾಡುವುದು.

ಹೆಸರು ಕೊಟ್ಟ ಉತ್ಸಾಹದಲ್ಲಿ, ಆರು ಕಿಲೋಮೀಟರು ಓಡುತ್ತಿದ್ದವನು ಒಂದೇ ವಾರದಲ್ಲಿ ಹದಿನಾರಕ್ಕೆ ಏರಿದೆ. ಅದೂ ಟಾರು ರಸ್ತೆಯಲ್ಲಿ, ಶಾಲೆಯ ಕ್ರೀಡಾದಿನಕ್ಕೆಂದು ಯಾವುದೋ ಕಾಲದಲ್ಲಿ ಕೊಂಡಿದ್ದ, ಅಟ್ಟೆ ಹಪ್ಪಳವಾಗಿದ್ದ ಬೂಟಿನಲ್ಲಿ. ಎಂಟನೆಯ ದಿನ ಎರಡೂ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಉದ್ದಕ್ಕೂ, ಬೆರಳಿಟ್ಟರೆ ಜೀವ ಹೋಗುವಂಥ ನೋವು. ಮೇಷ್ಟ್ರು ಪರೀಕ್ಷಿಸಿ, ಇನ್ನು ನೀವು ನಮ್ಮವರಾದಿರಿ ಎಂಬ ಮುಖ ಮಾಡಿ, ಒಂದು ಹಸಿರು ಡಬ್ಬಿ ಕೊಟ್ಟರು.

ಸಂಜೆ ಕೊಟ್ಟಿಗೆಯ ಹಿಂದೆ ನಿಂತು ಹಚ್ಚಿಕೊಂಡೆ. ಮೇಲೆ ಪಂಚೆ ಇಳಿಬಿಟ್ಟೆ. ಪಂಚೆಯ ಒಳಗಿದ್ದುದು ಹೊರಗೆ ಬರುವುದಿಲ್ಲ ಎಂಬ ನಂಬಿಕೆಯಿಂದ ಹುಳುಮನೆಗೆ ಹೋಗಿ ಸೊಪ್ಪು ಹರವಿದೆ. ಬೆಳಿಗ್ಗೆ ನೋಡಿದರೆ, ನಾನು ಸೊಪ್ಪು ಹಾಕಿದ, ತಟ್ಟೆಗಳ ಕೆಳಗಿನ ಎರಡು ಸಾಲಿನ ಹುಳುಗಳು ಎಲೆಯ ಅಂಚಿಗೆ ಬಂದು, ತಲೆ ಎತ್ತಿ, ಸಭಾತ್ಯಾಗ ಮಾಡಿದ ಸದಸ್ಯರಂತೆ ಕೂತಿದ್ದವು.

ವಿಚಾರಣೆ ಅಲ್ಲೇ ನಡೆಯಿತು. ಹೆಂಡತಿ ಮೊದಲು ಗಾಳಿ ಮೂಸಿದಳು, ಆಮೇಲೆ ಬಾಗಿಲು, ಆಮೇಲೆ ನನ್ನ ಪಂಚೆ. ನನ್ನ ಪರ ವಾದಿಸಲು ಯಾರೂ ಇರಲಿಲ್ಲ. ಮೂರು ದಿನ ಪಕ್ಕದ ಮನೆಯ ಜಗಲಿಯಲ್ಲಿ ವಾಸ. ಸೀಗೆಪುಡಿಯಲ್ಲಿ ಕಾಲು ತಿಕ್ಕಿ ತೊಳೆದು, ಅವಳು ಮೂಸಿ ಒಪ್ಪಿದ ಮೇಲೆ ಮರುಪ್ರವೇಶ. ಆ ಎರಡು ಸಾಲು ಹುಳುವನ್ನು ಅವಳೇ ಮೊರಕ್ಕೆ ತುಂಬಿ ಗುಂಡಿಗೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುಪ್ರವೇಶದ ದಿನ ಷರತ್ತು ಹೇಳಿದಳು. "ಓಡಬ್ಯಾಡಿ ಅನ್ನಕ್ಕಿಲ್ಲ. ಸಕ್ರೆ ಇಳೀತೈತೆ, ಓಡಿ. ಆದ್ರೆ ಕಾಲಿಗೆ ನೋವು ಬರಕೂಡ್ದು. ಬಂದ್ರೆ ಮುಲಾಮು ಹಚ್ತೀರ, ಹಚ್ಚಿದ್ರೆ ಹುಳ ಕೆಡ್ತದೆ."

ನೋವು ಬಂದಮೇಲೆ ಏನು ಮಾಡಬೇಕೆಂದು ನಮ್ಮ ಬಳಗದಲ್ಲಿ ಹನ್ನೆರಡು ಅಭಿಪ್ರಾಯಗಳಿದ್ದವು. ಬಾರದಂತೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಮುಲಾಮು ಸಿಗುವ ಊರಿನಲ್ಲಿ ಯಾರಿಗೂ ಆ ಯೋಚನೆಯ ಅಗತ್ಯ ಬಿದ್ದಿರಲಿಲ್ಲ. ಹಾಗಾಗಿ ಯೋಚಿಸುವ ಕೆಲಸವನ್ನೂ ನನ್ನ ಹೆಂಡತಿಯೇ ವಹಿಸಿಕೊಂಡಳು. ಅವಳಿಗೆ ಗೊತ್ತಿದ್ದುದು ಒಂದೇ ಜೀವವನ್ನು ಬೆಳೆಸುವ ಕ್ರಮ. ನನ್ನನ್ನೂ ಅದೇ ಕ್ರಮಕ್ಕೆ ಒಳಪಡಿಸಿದಳು.

ರೇಷ್ಮೆಹುಳು ಹುಟ್ಟಿ ಹಣ್ಣಾಗುವುದರೊಳಗೆ, ಎಂದರೆ ಗೂಡು ಕಟ್ಟಲು ಸಿದ್ಧವಾಗುವುದರೊಳಗೆ, ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ನಿಂತ ಹುಳು ತಿನ್ನುವುದಿಲ್ಲ, ಅಲುಗಾಡುವುದಿಲ್ಲ. ತಲೆ ಎತ್ತಿ ಒಂದು ದಿನ ಸುಮ್ಮನಿರುತ್ತದೆ. ಎದ್ದ ಮೇಲೆ ಮೊದಲಿಗಿಂತ ಒಸಿ ಹೆಚ್ಚು ತಿನ್ನುತ್ತದೆ. "ಹುಳಕ್ಕಿರೋ ಬುದ್ಧಿ ನಿಮಗಿಲ್ಲ" ಎಂಬುದು ಅವಳ ಪೀಠಿಕೆ. ಅಂದಿನಿಂದ ಹುಳು ಜ್ವರಕ್ಕೆ ನಿಂತರೆ ನನಗೂ ಜ್ವರ. ಆ ದಿನ ಬೂಟು ಅವಳ ವಶದಲ್ಲಿ. ಹುಳು ಎದ್ದರೆ ನಾನೂ ಏಳಬೇಕು, ಹಿಂದಿನ ವಾರಕ್ಕಿಂತ ಒಂದೋ ಎರಡೋ ಕಿಲೋಮೀಟರು ಮಾತ್ರ ಹೆಚ್ಚಿಸಬೇಕು. ಚಾಕಿ ಹುಳುವಿಗೆ, ಎಂದರೆ ಎಳೆಯ ಹುಳುವಿಗೆ, ಎಳೆ ಸೊಪ್ಪನ್ನು ಹೆಚ್ಚಿ ಹಾಕುವಂತೆ, ಓಟದ ಮೊದಲ ಹತ್ತು ನಿಮಿಷ ಬರೀ ನಡಿಗೆ. ಟಾರು ರಸ್ತೆ ನಿಷಿದ್ಧ; ಕೆರೆ ಏರಿಯ ಮಣ್ಣಿನ ಮೇಲೆ ಓಟ. ಸಂಜೆ ಸೊಪ್ಪಿನ ಹೊರೆ ಹೊತ್ತು ಹುಳುಮನೆಯ ಮೆಟ್ಟಿಲು ಹತ್ತಿ ಇಳಿಯುವುದು, ಇಪ್ಪತ್ತು ಸಲ. ಅದು ವ್ಯಾಯಾಮವೋ ಅವಳ ಕೆಲಸವೋ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಪ್ಪಳದ ಬೂಟನ್ನು ಅವಳೇ ತಿಪ್ಪೆಗೆ ಎಸೆದು, ಹೊಸದಕ್ಕೆ ದುಡ್ಡು ಕೊಟ್ಟಳು.

ಈ ವ್ಯವಸ್ಥೆಯನ್ನು ಪರಿಶೀಲಿಸಲು ಮೇಷ್ಟ್ರು ಒಮ್ಮೆ ಖುದ್ದಾಗಿ ಬಂದರು. ಅವರು ಗೇಟು ಮುಟ್ಟುವ ಮೊದಲೇ ಇವಳು ಒಳಗಿನಿಂದ ಕೂಗಿ, ಅಲ್ಲೇ ಹುಣಸೆಮರದ ಕೆಳಗೆ ನಿಲ್ಲಿಸಿದಳು. ಸಮಾಲೋಚನೆ ಇಪ್ಪತ್ತು ಮಾರು ದೂರದಿಂದ ನಡೆಯಿತು. ನಾನು ನಡುವೆ ನಿಂತು ಇತ್ತಲಿನ ಮಾತು ಅತ್ತ ಮುಟ್ಟಿಸುತ್ತಿದ್ದೆ. ಎಲ್ಲ ಕೇಳಿ ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿ, ತರಬೇತಿ ಕಾಲೇಜಿನಲ್ಲಿ ತಮಗೂ ಇದನ್ನೇ ಹೇಳಿಕೊಟ್ಟಿದ್ದರು, ಹುಳುವಿನ ವಿಷಯ ಮಾತ್ರ ಇರಲಿಲ್ಲ ಎಂದರು. ಮತ್ತೆ ಯಾಕೆ ಪಾಲಿಸಲಿಲ್ಲವೆಂದು ಇವಳು ನನ್ನ ಮೂಲಕ ಕೇಳಿಸಿದಳು. ಮೇಷ್ಟ್ರು ಮಂಡಿ ನೀವಿಕೊಂಡು ಹೊರಟುಹೋದರು.

ತಿಂಗಳಿಗೊಂದರಂತೆ ಹುಳುವಿನ ಐದು ಬೆಳೆ ಹೀಗೆ ಕಳೆಯಿತು. ಶ್ರಾವಣದಲ್ಲಿ ಎಂಟು ಕಿಲೋಮೀಟರು ಇದ್ದದ್ದು ಸಂಕ್ರಾಂತಿ ದಾಟುವಾಗ ಮೂವತ್ತೆರಡು ಆಯಿತು. ಬಳಗದಲ್ಲಿ ನನ್ನ ಮರ್ಯಾದೆ ಮಾತ್ರ ಕುಸಿಯಿತು. ಮಂಡಿಯ ಬಗ್ಗೆ ಹೇಳಲು ಏನೂ ಇಲ್ಲದವನ ಜೊತೆ ಮಾತಾಡುವುದೇನು?

ಓಟ ಇದ್ದದ್ದು ಮಾಗಿ ಮುಗಿದ ಮೇಲಿನ ಒಂದು ಭಾನುವಾರ. ಆರನೆಯ ಬೆಳೆ ಸೋಮವಾರ ಹಣ್ಣಾಗುತ್ತದೆಂದು ಇವಳ ಲೆಕ್ಕ. ಆದರೆ ಆ ವಾರ ಬಿಸಿಲು ಏರಿತು, ಹುಳು ಅವಸರ ಮಾಡಿದವು. ಶನಿವಾರ ಸಂಜೆ ಅವಳು ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿದಳು. ಮೈ ಗಾಜಿನಂತೆ ತಿಳಿಯಾಗುತ್ತಿತ್ತು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆಯ್ದು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ತಟ್ಟಿಯಾದ ಚಂದ್ರಿಕೆಯ ಮೇಲೆ ಬಿಡಬೇಕು, ತಡವಾದರೆ ಕಂಡ ಕಂಡಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ಕೂತು ಎದ್ದು ಬಗ್ಗಿ ದಿನವಿಡೀ ಮಾಡುವ ಕೆಲಸ. ಕೂಲಿಗೆ ಹೇಳಿದ್ದ ಹೆಂಗಸರಿಬ್ಬರು ಬರುವುದು ಸೋಮವಾರ.

ನಾನು ಹೋಗುವುದಿಲ್ಲ ಎಂದೆ. ಪೂರ್ತಿ ಮನಸ್ಸಿನಿಂದ ಹೇಳಿರಲಿಲ್ಲ, ಅದು ಅವಳಿಗೂ ಗೊತ್ತಾಯಿತು. "ಐದು ಬೆಳೆ ನಿಮ್ಮ ಬೂಟ್ ಕಾದಿವ್ನಿ, ಸುಮ್ನೆ ಅಲ್ಲ. ಹೋಗಿ. ಮಧ್ಯಾಹ್ನಕ್ಕೆ ನಿಮ್ಮ ಕಾಲ್ಮೇಲೆ ನೀವು ಬರಬೇಕು, ವಾಸ್ನೆ ಇಲ್ದೆ ಬರಬೇಕು. ಅಷ್ಟೇಯ" ಎಂದಳು.

ಚನ್ನಪಟ್ಟಣದಲ್ಲಿ ಇನ್ನೂ ಮಬ್ಬುಗತ್ತಲಿದ್ದಾಗ ಓಟ ಬಿಟ್ಟರು. ಪ್ರಾಯದ ಹುಡುಗರು ನನ್ನನ್ನು ದಾಟಿ ಹೋದರು. ಅವರಲ್ಲಿ ಹಲವರನ್ನು ರಾಮನಗರ ದಾಟಿದ ಮೇಲೆ ರಸ್ತೆಬದಿಯಲ್ಲಿ ಕಾಲು ಚಾಚಿ ಕೂತಿದ್ದಾಗ ಮತ್ತೆ ಕಂಡೆ. ನಾನು ಚಿಕ್ಕ ಹೆಜ್ಜೆ ಇಟ್ಟು, ಏರಿನಲ್ಲಿ ನಡೆದು, ನೀರು ಸಿಕ್ಕಲ್ಲೆಲ್ಲ ಗುಟುಕು ಕುಡಿದು, ಸೊಪ್ಪು ತಿನ್ನುವ ಹುಳುವಿನ ಗತಿಯಲ್ಲಿ ಸಾಗಿದೆ. ಕಷ್ಟವೆಲ್ಲ ಸ್ಪ್ರೇಯದು. ಐದು ಕಿಲೋಮೀಟರಿಗೊಂದು ಶಾಮಿಯಾನ, ಶಾಮಿಯಾನಕ್ಕೊಬ್ಬ ಸ್ಪ್ರೇ ಹಿಡಿದ ಪರೋಪಕಾರಿ. ಬೇಡವೆಂದರೂ ಕೇಳದೆ ಕಾಲಿಗೆ ಗುರಿಯಿಡುತ್ತಿದ್ದರು. ನಾನು ರಸ್ತೆಯ ಆ ಬದಿಗೆ ಹಾರಿ, ಈ ಬದಿಗೆ ಬಾಗಿ ತಪ್ಪಿಸಿಕೊಂಡೆ. ಮೂವತ್ತನೆಯ ಕಿಲೋಮೀಟರಿನಲ್ಲಿ ಒಬ್ಬ ಹೊಲದ ಅಂಚಿನವರೆಗೆ ಅಟ್ಟಿಸಿಕೊಂಡು ಬಂದ. ಆ ದಿನ ನಾನು ಅತಿ ವೇಗವಾಗಿ ಓಡಿದ್ದು ಅಲ್ಲೇ.

ಕನಕಪುರ ಬಂತು. ಬಾಳೆಕಂದು ಕಟ್ಟಿದ ಕಮಾನು, ಅದರಾಚೆ ಬಿಳಿ ಗೆರೆ. ಇನ್ನು ಇಪ್ಪತ್ತು ಹೆಜ್ಜೆ. ಕಮಾನಿನ ಎರಡೂ ಬದಿಗೆ ಔಷಧಿ ಅಂಗಡಿಯವರೊಬ್ಬರೂ ಅವರ ಸ್ನೇಹಿತರೂ ನಿಂತು, ಮದುವೆಮನೆಯಲ್ಲಿ ಪನ್ನೀರು ಎರಚುವ ಹಾಗೆ, ಬಂದವರಿಗೆಲ್ಲ ಸೊಂಟದಿಂದ ಕೆಳಗೆ ಸ್ಪ್ರೇ ಹೊಡೆಯುತ್ತಿದ್ದರು. ಕಮಾನಿನೊಳಗೆ ಬೆಳ್ಳಗೆ ಮೋಡ ಕಟ್ಟಿತ್ತು. ಬದಿಗಳಲ್ಲಿ ಗಳ ಕಟ್ಟಿ ಮುಚ್ಚಿದ್ದರು, ಬೇರೆ ದಾರಿ ಇರಲಿಲ್ಲ.

ನಾನು ನಿಂತೆ. ಜನ ಓಡಿ ಓಡಿ ಎಂದು ಚಪ್ಪಾಳೆ ತಟ್ಟಿದರು. ಅಂಗಡಿಯವರು ಕಾಲು ಹಿಡಿದುಕೊಂಡಿತೇನೋ ಎಂದು ಡಬ್ಬಿ ಸಮೇತ ನನ್ನತ್ತ ಬಂದರು. ನಾನು ಕೈ ಅಡ್ಡ ಹಿಡಿದು, "ಹತ್ರ ಬರಬೇಡಿ, ಮನೇಲಿ ಹುಳು ಹಣ್ಣಾಗಿವೆ" ಎಂದೆ.

ಬೇರೆ ಊರಾಗಿದ್ದರೆ ನಗುತ್ತಿದ್ದರು. ಅವರು ತಟ್ಟನೆ ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ಎಷ್ಟು ಮೊಟ್ಟೆ ಮೇಯಿಸಿದ್ದೀರಿ?" ಎಂದು ಕೇಳಿದರು. ನೂರು ಎಂದೆ; ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ಕಂತೆ, ಒಂದೊಂದರಲ್ಲಿ ನಾನೂರು ಹುಳು. ಹಣ್ಣು ಹುಳು ಬಿಟ್ಟು ಬಂದಿದ್ದೀರಲ್ಲ, ನಿಮಗೇನು ಬಂದಿತ್ತು ಎಂದು ಅಕ್ಕಪಕ್ಕದ ನಾಲ್ಕು ಜನ ಬೈದರು. ಸ್ಪ್ರೇ ನಿಲ್ಲಿಸಿದರು, ಒಬ್ಬಾತ ಟವಲಿನಿಂದ ಮೋಡವನ್ನು ಬೀಸಿದ. ಆದರೆ ಗಾಳಿಯಿರಲಿಲ್ಲ, ಮೋಡ ಕದಲಲಿಲ್ಲ. ಒಸಿ ಕಾಯಿರಿ, ಕರಗುತ್ತದೆ ಎಂದರು. ನಲವತ್ತೆರಡು ಕಿಲೋಮೀಟರು ಓಡಿ ಬಂದವನು ಇಪ್ಪತ್ತು ಹೆಜ್ಜೆ ಈಚೆಗೆ ನಿಂತು ಗಾಳಿಗಾಗಿ ಕಾದೆ. ಹಿಂದಿನಿಂದ ಬಂದ ಎಂಟು ಜನ ನನ್ನನ್ನು ಬಳಸಿ ಗೆರೆ ದಾಟಿದರು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವಳೇ.

"ಎಲ್ಲಿದ್ದೀರ?"

"ಗೆರೆ ಹತ್ರ. ಇಪ್ಪತ್ತು ಹೆಜ್ಜೆ ಐತೆ. ಮುಂದೆಲ್ಲ ಮುಲಾಮಿನ ಹೊಗೆ."

ಆ ಕಡೆ ಅವಳು ಚಂದ್ರಿಕೆ ಸರಿಸಿದ ಸದ್ದು. ಆಮೇಲೆ, "ಮೇಲ್ಗಡೆ ಸಾಲೆಲ್ಲ ಹಣ್ಣಾಗೋಯ್ತು. ನಂಗೊಬ್ಳಿಗೆ ಆಗಕ್ಕಿಲ್ಲ. ಕಾಲು ಹೆಂಗೈತೆ?"

"ಚೆನ್ನಾಗೈತೆ."

"ನೀವೇ ನೋಡಿ" ಎಂದಳು. ಬನ್ನಿ ಎನ್ನಲಿಲ್ಲ.

ನಾನು ಗೆರೆಯನ್ನು ಒಮ್ಮೆ ಚೆನ್ನಾಗಿ ನೋಡಿದೆ. ಸುಣ್ಣದ ಗೆರೆ. ಜ್ವರದ ಹುಳುವಿನ ಮೇಲೆ ಉದುರಿಸುವಂಥದೇ ಸುಣ್ಣ. ತಿರುಗಿ ಬಸ್ ನಿಲ್ದಾಣದ ಕಡೆ ನಡೆದೆ. ರಾಮನಗರದ ಬಸ್ಸಿನಲ್ಲಿ ಸೀಟಿರಲಿಲ್ಲ, ನಿಂತೇ ಬಂದೆ. ಕ್ರಾಸಿನಲ್ಲಿ ಇಳಿದು ಎರಡು ಮೈಲಿ ನಡೆದೆ. ಅವಳು ಗೇಟಿನಲ್ಲಿ ಮೂಸಿ, ತಲೆಯಾಡಿಸಿ, ಒಳಗೆ ಬಿಟ್ಟಳು. ಸ್ನಾನ ಮಾಡಿ ಕುಕ್ಕರಗಾಲಿನಲ್ಲಿ ಕೂತು ಹುಳು ಆಯಲು ಶುರು ಮಾಡಿದೆ.

ನಾಲ್ಕು ಗಂಟೆಗೆ ಭಾವಮೈದುನ ಬಂದ. ಗಾಯಾಳುವನ್ನು ನೋಡಲೆಂದು ಮಾಗಡಿಯಿಂದ ಎರಡು ಡಬ್ಬಿ ಮುಲಾಮು ತಂದಿದ್ದ. ಒಂದನ್ನು ತೆರೆದು ಪರೀಕ್ಷೆಯನ್ನೂ ಮಾಡಿದ್ದ. ಅವಳು ಹುಳುಮನೆಯ ಒಳಗಿನಿಂದಲೇ ಕೂಗಿ ಅವನನ್ನು ಹುಣಸೆಮರದ ಕೆಳಗೆ ನಿಲ್ಲಿಸಿದಳು. ಅಲ್ಲಿಂದಲೇ ಕೂಗಿ ಕೇಳಿದ, "ಭಾವ ಓಟ ಮುಗಿಸಿದ್ರಾ ಅಕ್ಕಾ?"

ಅವಳ ಪಕ್ಕದ ಕಿಟಕಿಯಿಂದ ನಾನು ಅವನನ್ನು ನೋಡುತ್ತಿದ್ದೆ. ಇಪ್ಪತ್ತು ಹೆಜ್ಜೆ ಬಾಕಿ ಎಂದು ಅವಳು ಹೇಳುತ್ತಾಳೆಂದುಕೊಂಡೆ. ಅವಳು ಕೈಯಲ್ಲಿದ್ದ ಹಣ್ಣು ಹುಳುವನ್ನು ಚಂದ್ರಿಕೆಗೆ ಬಿಟ್ಟು, "ಇನ್ನೂ ಮೂರು ಸಾಲು ಅವೆ. ಮುಗಿಸ್ತಾವ್ರೆ" ಎಂದಳು.