ಏಳನೇ ಮಹಡಿಯ ಘಾಟು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಇದೇ ಸಿಂಗಪುರದಲ್ಲಿ, ನನ್ನ ಅವ್ವ ಒಂದು ಇಡೀ ಮಹಡಿಯ ಜನರನ್ನು ಕೆಮ್ಮಿಸಿಬಿಟ್ಟಿದ್ದಳು. ಈಗಲೇ ನಗಬೇಡಿ. ನಗುವುದು ಆಮೇಲೆ ಬರುತ್ತದೆ, ಅದಕ್ಕೆ ಮೊದಲು ಸ್ವಲ್ಪ ಅಳುವುದೂ ಇದೆ. ಆ ಫೋನನ್ನು ಅತ್ತ ಇಟ್ಟು ಕೂತುಕೊಳ್ಳಿ, ಹೇಳುತ್ತೇನೆ.

ಆಗ ನಾವಿದ್ದದ್ದು ಬೂನ್ ಲೇಯಲ್ಲಿ. ಅಪ್ಪನಿಗೆ ಜುರಾಂಗಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಅಪ್ಪ ಮೊದಲು ಒಬ್ಬನೇ ಬಂದು, ಮನೆ ಸಿಕ್ಕ ಮೇಲೆ ಗದಗದಿಂದ ಅವ್ವನನ್ನೂ ಅಕ್ಕನನ್ನೂ ನನ್ನನ್ನೂ ಕರೆಸಿಕೊಂಡಿದ್ದ. ನಮ್ಮ ಮನೆ ಬ್ಲಾಕಿನ ಏಳನೇ ಮಹಡಿಯಲ್ಲಿತ್ತು. ಮುಂದೆ ಉದ್ದನೆಯ ಕಾರಿಡಾರ್, ಅದರ ಉದ್ದಕ್ಕೂ ಒಂದರ ಪಕ್ಕ ಒಂದು ಬಾಗಿಲು. ಬೆಳಿಗ್ಗೆ ಆ ಕಾರಿಡಾರಿನಲ್ಲಿ ನಡೆದರೆ ಒಂದು ಮನೆಯಿಂದ ಬೆಳ್ಳುಳ್ಳಿ ಹುರಿಯುವ ವಾಸನೆ, ಇನ್ನೊಂದು ಮನೆಯಿಂದ ಊದುಬತ್ತಿ, ಮತ್ತೊಂದರಿಂದ ತೆಂಗಿನ ಹಾಲಿನ ಅನ್ನದ ಪರಿಮಳ ಬರುತ್ತಿತ್ತು. ಅಕ್ಕ ಮತ್ತು ನಾನು ಮೂಗಿನಿಂದಲೇ ಯಾರ ಮನೆಯಲ್ಲಿ ಏನು ಅಡುಗೆ ಎಂದು ಹೇಳಿಬಿಡುತ್ತಿದ್ದೆವು.

ನಮ್ಮ ಮನೆಯಿಂದ ಮಾತ್ರ ಯಾವ ವಾಸನೆಯೂ ಹೊರಗೆ ಹೋಗುತ್ತಿರಲಿಲ್ಲ. ಬಂದ ದಿನವೇ ಅಪ್ಪ ಹೇಳಿಬಿಟ್ಟಿದ್ದ, "ಇಲ್ಲಿ ಮೆಣಸಿನಕಾಯಿ ಹುರದು ಘಾಟ ಎಬ್ಬಿಸಬ್ಯಾಡ. ಮಂದಿ ಕಂಪ್ಲೇಂಟ್ ಮಾಡ್ತಾರ." ಅಪ್ಪ ಹೆದರುವ ಸ್ವಭಾವದವನು, ಪಾಪ. ಹೊಸ ಊರು, ಹೊಸ ಕೆಲಸ, ಯಾರ ಬಾಯಿಗೂ ಬೀಳುವುದು ಅವನಿಗೆ ಬೇಕಿರಲಿಲ್ಲ. ಅವ್ವ ಬೇಳೆ, ಅನ್ನ, ಬೇಯಿಸಿದ ಪಲ್ಯ ಎನ್ನುತ್ತಾ ದಿನ ದೂಡಿದಳು. ಅಂಗಡಿಯಿಂದ ತಂದ ಚಿಲ್ಲಿ ಸಾಸನ್ನು ಒಮ್ಮೆ ನಾಲಿಗೆಗೆ ಹಚ್ಚಿ ನೋಡಿ, "ಮೆಣಸಿನಕಾಯಿಗೆ ಸಕ್ಕರಿ ಹಾಕ್ಯಾರ" ಎಂದು ಬಾಟಲಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದಳು.

ಸಪ್ಪೆಯಾದದ್ದು ಊಟವಷ್ಟೇ ಆಗಿದ್ದರೆ ಅವ್ವ ತಡೆದುಕೊಳ್ಳುತ್ತಿದ್ದಳೇನೋ. ಅವಳಿಗೆ ಮಾತಾಡಲು ಒಬ್ಬರೂ ಇರಲಿಲ್ಲ. ಊರಿನಲ್ಲಿ ಬಾಯಿ ಮುಚ್ಚದಿದ್ದ ಅವ್ವ ಇಲ್ಲಿ ಇಡೀ ದಿನ ಕಿಟಕಿಯ ಹತ್ತಿರ ಕೂತು ಕೆಳಗಿನ ರಸ್ತೆ ನೋಡುತ್ತಿದ್ದಳು. ಅಕ್ಕ ಸ್ಕೂಲಿನಲ್ಲಿ ಇಂಗ್ಲಿಷನ್ನೂ ಮಲಯ್ ಭಾಷೆಯನ್ನೂ ಪಟಪಟನೆ ಕಲಿತಳು, ನಾನು ಆಟವಾಡುತ್ತಾ ಕಲಿತೆ. ಅವ್ವ ಮಾತ್ರ ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ತಲೆ ತಗ್ಗಿಸುತ್ತಿದ್ದಳು. ಕೊನೆಗೆ ಒಂದು ದಿನ ಅಪ್ಪನಿಗೆ ಹೇಳಿದಳು, "ನನ್ನನ್ನ ಊರಿಗೆ ಕಳಿಸ್ರಿ. ಹುಡುಗರನ್ನ ಕರ್ಕೊಂಡು ಹೋಗ್ತೀನಿ." ಅಪ್ಪ ವಾದ ಮಾಡಲಿಲ್ಲ. ಮರುವಾರದ ಹಡಗಿಗೆ ಟಿಕೆಟ್ ತೆಗೆಸಿದ, ಅಷ್ಟೆ. ಅಪ್ಪ ಇಲ್ಲಿ, ನಾವು ಅಲ್ಲಿ. ನನಗೆ ಅಪ್ಪನೂ ಬೇಕಿತ್ತು, ಅವ್ವನೂ ಬೇಕಿತ್ತು. ಕೇಳುವವರು ಯಾರು? ಟ್ರಂಕಿಗೆ ಬಟ್ಟೆ ತುಂಬುವುದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ.

ಟ್ರಂಕಿನ ತಳದಲ್ಲಿ ಒಂದು ಗಂಟು ಇತ್ತು. ಅದರಲ್ಲಿ ಊರಿನಿಂದ ತಂದ ಬ್ಯಾಡಗಿ ಮೆಣಸಿನಕಾಯಿ, ಸುಕ್ಕುಸುಕ್ಕಾಗಿ, ಕಡುಗೆಂಪಾಗಿ, ಜೊತೆಗೆ ಖಾರಕ್ಕೆಂದು ಸಣ್ಣ ಗುಂಟೂರು ಮೆಣಸಿನಕಾಯಿ. ಬಂದಾಗಿನಿಂದ ಅವ್ವ ಅದನ್ನು ಬಿಚ್ಚಿರಲಿಲ್ಲ. ಆ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋದ ಮೇಲೆ ಗಂಟು ಬಿಚ್ಚಿ, ಮೂಗಿಗೆ ಹಿಡಿದು, ಬಹಳ ಹೊತ್ತು ಹಾಗೇ ಕೂತಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಹೆಂಗೂ ಹೊಂಟೀವಿ. ನಿಮ್ಮಪ್ಪ ಒಬ್ಬನ ಇರ್ತಾನ, ಊಟಕ್ಕ ಏನ್ ಹಚ್ಚಿಕೊಂತಾನ? ಒಂದು ಭರಣಿ ಮಸಾಲಿ ಖಾರಾ ಮಾಡಿಟ್ಟು ಹೋಗೂಣು," ಎಂದಳು.

ಅಕ್ಕ ಮೆಲ್ಲಗೆ ಕೇಳಿದಳು, "ಘಾಟ ಏಳತೈತಲ್ಲವ್ವಾ?"

"ಏಳಲಿ ಬಿಡು. ಬೈಯ್ಯಾಕ ಬರೂದ್ರಾಗ ನಾವು ಹಡಗಿನ್ಯಾಗ ಇರ್ತೀವಿ."

ಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ಬಾಣಲೆಯಲ್ಲಿ ಒಣಕೊಬ್ಬರಿ ಹೊಂಬಣ್ಣಕ್ಕೆ ತಿರುಗಿತು, ಕೊತ್ತಂಬರಿ ಬೀಜ ಚಟಚಟ ಎಂದಿತು, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಂತ್ಯ. ಮನೆ ತುಂಬಾ ಊರಿನ ವಾಸನೆ. ನಾನು ಅಡುಗೆಮನೆಯಿಂದ ಅಲುಗಾಡಲಿಲ್ಲ. ಕೊನೆಗೆ ಅವ್ವ ಒಂದಿಷ್ಟು ಎಣ್ಣೆ ಸವರಿ ಮೆಣಸಿನಕಾಯಿ ಸುರಿದಳು.

ಅವ್ವ ಮರೆತದ್ದು ಒಂದೇ. ಊರಿನಲ್ಲಿ ಅವಳು ಮೆಣಸಿನಕಾಯಿ ಹುರಿಯುತ್ತಿದ್ದದ್ದು ಹಿತ್ತಲಿನಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ. ಘಾಟು ಎದ್ದರೆ ಆಕಾಶಕ್ಕೆ ಹೋಗುತ್ತಿತ್ತು. ಏಳನೇ ಮಹಡಿಯ ಅಡುಗೆಮನೆಯಲ್ಲಿ ಅದಕ್ಕೆ ಹೋಗಲು ಜಾಗವೇ ಇರಲಿಲ್ಲ. ಕಿಟಕಿ ತೆರೆದರೆ ಹೊರಗಿನ ಗಾಳಿ ಅದನ್ನು ವಾಪಸ್ ನಮ್ಮ ಮುಖಕ್ಕೇ ತಳ್ಳಿತು. ನನ್ನ ಗಂಟಲಲ್ಲಿ ಮುಳ್ಳು ಎದ್ದಂತಾಯಿತು. ಅವ್ವ ಕೆಮ್ಮುತ್ತಲೇ ಸೌಟು ತಿರುಗಿಸುತ್ತಿದ್ದಳು. ತಡೆಯಲಾರದೆ ಅಕ್ಕ ಓಡಿಹೋಗಿ ಮುಂಬಾಗಿಲು ತೆರೆದಳು.

ಘಾಟು ನಮಗಿಂತ ಮೊದಲು ಹೊರಗೆ ಹೋಯಿತು. ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದರು. ಅದರಾಚೆಯ ಮನೆಯಲ್ಲಿ ಸೀನು. ಆಮೇಲೆ ಇಡೀ ಕಾರಿಡಾರ್ ಕೆಮ್ಮತೊಡಗಿತು. ಯಾರದೋ ರೇಡಿಯೋ ನಿಂತಿತು, ಕಬ್ಬಿಣದ ಗೇಟುಗಳು ಒಂದೊಂದಾಗಿ ಕಿರ್ರೆಂದವು, ಚಪ್ಪಲಿಗಳ ಸದ್ದು ನಮ್ಮ ಮನೆಯ ಕಡೆಗೇ ಬಂತು. ಅವ್ವ ಒಲೆ ಆರಿಸಿದಳು. ಸೆರಗನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಳು. "ಬಂದ್ರು, ಬೈಯ್ಯಾಕ ಬಂದ್ರು," ಎಂದಳು. ಕಣ್ಣಲ್ಲಿ ನೀರು ಧಾರಾಕಾರವಾಗಿ ಹರಿಯುತ್ತಿತ್ತು. ಅದು ಘಾಟಿಗೋ ಅವಮಾನಕ್ಕೋ ನನಗೆ ತಿಳಿಯಲಿಲ್ಲ, ನಾನೂ ಅಳಲು ಶುರುಮಾಡಿದೆ.

ಮೊದಲು ಒಳಗೆ ಬಂದವಳು ಪಕ್ಕದ ಮನೆಯ ಮಲಯ್ ಹೆಂಗಸು. ನಾವು ಮಕ್ಕಳು ಅವಳನ್ನು ಮಾಕ್‌ಚಿಕ್ ಎನ್ನುತ್ತಿದ್ದೆವು, ಅಂದರೆ ಚಿಕ್ಕಮ್ಮ ಇದ್ದಂತೆ. ಮೂಗಿಗೆ ಒದ್ದೆ ಬಟ್ಟೆ, ಕೈಯಲ್ಲಿ ನೀಲಿ ಹೂವಿನ ಒಂದು ಬಟ್ಟಲು. ಅವ್ವನ ಮುಖವನ್ನೂ ನೋಡದೆ ನೇರ ಬಾಣಲೆಯ ಹತ್ತಿರ ಹೋಗಿ ಇಣುಕಿದಳು. ಆಮೇಲೆ ತಲೆ ಚಚ್ಚಿಕೊಂಡು ಅಕ್ಕನಿಗೆ ಏನೋ ಹೇಳಿದಳು.

"ಏನಂತಾಳ?" ಅವ್ವ ನಡುಗುವ ದನಿಯಲ್ಲಿ ಕೇಳಿದಳು.

ಅಕ್ಕ ಹೇಳಿದಳು, "ಮೆಣಸಿನಕಾಯಿ ಹಿಂಗ ಹುರೀತಾರೇನು, ಮೊದಲ ಬಿಸಿನೀರಾಗ ನೆನಸಬೇಕು ಅಂತಾಳ."

ಅವ್ವ ಸೆರಗನ್ನು ಮೂಗಿನಿಂದ ತೆಗೆದಳು. ಬೈದಿದ್ದರೆ ಸುಮ್ಮನಿರುತ್ತಿದ್ದಳು. ಖಾರ ಮಾಡುವುದು ಹೇಗೆ ಎಂದು ಅವಳಿಗೇ ಹೇಳಿಕೊಡುವುದೇ? "ನೆನಸಿದ್ರ ಖಾರಾ ಎಷ್ಟ ದಿನ ತಡೀತೈತಿ? ಬೂಸ್ಟ ಹಿಡೀತೈತಿ ಅಂತ ಹೇಳಾಕಿಗೆ," ಎಂದಳು. ಎಷ್ಟೋ ತಿಂಗಳ ನಂತರ ಅವ್ವನ ದನಿ ಊರಿನಲ್ಲಿದ್ದಷ್ಟು ಜೋರಾಗಿತ್ತು.

ಅಷ್ಟರಲ್ಲಿ ಕಾರಿಡಾರಿನ ಕೊನೆಯ ಮನೆಯ ಚೀನೀ ಅಜ್ಜಿ ಬಂದಳು. ಆಹ್ ಮಾ ಎಂದು ಎಲ್ಲರೂ ಕರೆಯುತ್ತಿದ್ದ ಆಕೆಯ ಕೈಯಲ್ಲಿ ಒಂದು ಕತ್ತರಿ, ಒಂದು ಗಾಜಿನ ಬಾಟಲಿ. ಹೇಳದೆ ಕೇಳದೆ ನೆಲದ ಮೇಲೆ ಕೂತು, ಹುರಿಯದೆ ಉಳಿದಿದ್ದ ಮೆಣಸಿನಕಾಯಿಯನ್ನು ಕತ್ತರಿಸಿ ಬೀಜ ಉದುರಿಸತೊಡಗಿದಳು. ಅಕ್ಕನಿಗೆ ಅರೆಬರೆ ಮಲಯ್ ಭಾಷೆಯಲ್ಲಿ ಹೇಳಿದಳು, ಬೀಜ ತೆಗೆಯಬೇಕಂತೆ, ವಿನೆಗರ್ ಹಾಕಬೇಕಂತೆ, ಒಂದು ಚಮಚ ಸಕ್ಕರೆಯೂ ಬೇಕಂತೆ. ಸಕ್ಕರೆ ಎಂದೊಡನೆ ಅವ್ವ ಹಣೆ ಹಣೆ ಬಡಿದುಕೊಂಡಳು. ಮೂವರಲ್ಲಿ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಬಾರದು. ಆದರೂ ಮೂವರೂ ಒಟ್ಟಿಗೇ ಮಾತಾಡುತ್ತಿದ್ದರು, ಅಕ್ಕ ಯಾರ ಮಾತನ್ನು ಯಾರಿಗೆ ಹೇಳುವುದೆಂದು ತಿಳಿಯದೆ ಸುಸ್ತಾಗಿ ಕೂತುಬಿಟ್ಟಳು.

ಮಾಕ್‌ಚಿಕ್ ತನ್ನ ಬಟ್ಟಲನ್ನು ಅವ್ವನ ಮುಂದೆ ಹಿಡಿದಳು. ಒಳಗೆ ಎಣ್ಣೆ ತೇಲುತ್ತಿದ್ದ ಕೆಂಪು ಸಂಬಾಲ್, ಅಂದರೆ ಅವರ ಮೆಣಸಿನಕಾಯಿ ಚಟ್ನಿ. ಅಕ್ಕ ಮೂಗು ಹಿಡಿದು, "ಅವ್ವಾ, ಇದರಾಗ ಸೀಗಡಿ ಐತಿ," ಎಂದಳು. ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು, ಕೈ ತಾನಾಗಿ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಹೋಯಿತು. ನಾವು ಮೀನು, ಮಾಂಸ ತಿನ್ನುವುದಿಲ್ಲ ಎಂದು ಅಕ್ಕ ತೊದಲುತ್ತಾ ಹೇಳಿದಳು. ಮಾಕ್‌ಚಿಕ್ ಬಟ್ಟಲು ಎತ್ತಿಕೊಂಡು ತಟ್ಟನೆ ಹೊರಟುಹೋದಳು.

"ಸಿಟ್ಟು ಮಾಡ್ಕೊಂಡು ಹೋದ್ಲು. ನನ್ನ ಹಣೆಬರಹ," ಎಂದು ಅವ್ವ ಅಲ್ಲೇ ಕುಸಿದು ಕೂತಳು. ಈಗ ಘಾಟು ಇಳಿದಿತ್ತು, ಆದರೂ ಅವಳ ಕಣ್ಣು ತುಂಬಿತು.

ಆಗ ಪಕ್ಕದ ಗೋಡೆಯಾಚೆಯಿಂದ ದಬ್ ದಬ್ ಎಂದು ಕುಟ್ಟುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮಾಕ್‌ಚಿಕ್ ಮತ್ತೆ ಬಂದಳು. ಅದೇ ನೀಲಿ ಹೂವಿನ ಬಟ್ಟಲು, ತೊಳೆದು ಒರೆಸಿದ್ದು. ಈ ಸಲ ಅದರಲ್ಲಿದ್ದದ್ದು ಹಸಿ ಕೆಂಪು ಮೆಣಸಿನಕಾಯಿ, ಉಪ್ಪು, ನಿಂಬೆರಸ, ಅಷ್ಟೇ. ಅಕ್ಕನ ಕಡೆ ತಿರುಗಿ, "ನನಗೂ ತಿನ್ನಬಾರದ್ದು ಇದೆ, ಅವಳಿಗೂ ಇದೆ, ಇದರಲ್ಲಿ ಬೇಜಾರೇನು ಎಂದು ಹೇಳು" ಅಂದಳಂತೆ. ಅವ್ವ ತನ್ನ ತಾಟಿಗೆ ಸುರಿದುಕೊಂಡು, ಬೆರಳಿನಿಂದ ನೆಕ್ಕಿದಳು. ನೆಕ್ಕಿ ಹೇಳಿದಳು, "ರಂಜಕ ಆತಲ್ಲ ಇದು. ನಮ್ಮವ್ವ ಹಿಂಗ ಮಾಡ್ತಿದ್ಲು." ಹಸಿ ಕೆಂಪು ಮೆಣಸಿನಕಾಯಿಯ ಚಟ್ನಿಗೆ ನಮ್ಮ ಕಡೆ ರಂಜಕ ಎನ್ನುತ್ತಾರೆ.

ಆಮೇಲೆ ಅವ್ವ ತನ್ನ ಖಾರ ಕುಟ್ಟಲು ಕೂತಳು. ಮಾಕ್‌ಚಿಕ್ ಜರಡಿ ಹಿಡಿದಳು. ಆಹ್ ಮಾ ಒಂದು ಚಿಟಿಕೆ ಖಾರವನ್ನು ನಾಲಿಗೆಗೆ ಹಾಕಿಕೊಂಡು ಕೆಂಪಗಾಗಿ, ಎರಡು ಲೋಟ ನೀರು ಕುಡಿದು, ಕಣ್ಣೊರೆಸಿಕೊಂಡು, ಮತ್ತೆ ಕೈ ಚಾಚಿದಳು. ಅವ್ವ ನಕ್ಕಳು. ಅವ್ವ ನಗುವುದನ್ನೇ ನಾನು ಮರೆತುಬಿಟ್ಟಿದ್ದೆ, ನಿಜವಾಗಿ ಹೇಳುತ್ತೇನೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಹೋಗಿ ಅವಳ ಬೆನ್ನಿಗೆ ಜೋತುಬಿದ್ದೆ.

ಅಪ್ಪನಿಗೆ ಕೆಳಗೆ, ಬ್ಲಾಕಿನ ಬುಡದಲ್ಲಿ ಜನ ಕೂತು ಹರಟುವ ತೆರೆದ ವಾಯ್ಡ್ ಡೆಕ್ಕಿನಲ್ಲೇ ಸುದ್ದಿ ಸಿಕ್ಕಿತ್ತು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಯಾರ್ಯಾರ ಕ್ಷಮೆ ಕೇಳಬೇಕೆಂದು ಲೆಕ್ಕ ಹಾಕುತ್ತಾ ಬಂದ. ನೋಡಿದರೆ ಅಡುಗೆಮನೆಯ ನೆಲದ ಮೇಲೆ ಮೂವರು ಹೆಂಗಸರು, ಸುತ್ತ ಕೆಂಪು ಪುಡಿ. ಬಾಗಿಲಲ್ಲೇ ನಿಂತು ಜೋರಾಗಿ ಒಂದು ಸೀನು ಸೀನಿದ. ಮೂವರೂ ಬಿದ್ದು ಬಿದ್ದು ನಕ್ಕರು. ಅಪ್ಪನ ಕ್ಷಮೆ ಯಾರಿಗೂ ಬೇಕಿರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಅವ್ವ ನೀಲಿ ಹೂವಿನ ಬಟ್ಟಲನ್ನೂ ಆಹ್ ಮಾ ಬಿಟ್ಟುಹೋದ ಬಾಟಲಿಯನ್ನೂ ತೊಳೆದು ಬೋರಲು ಹಾಕಿದಳು. ಕುಟ್ಟಿದ ಖಾರವೆಲ್ಲ ಹಂಚಿ ಮುಗಿದಿತ್ತು, ಭರಣಿಯ ತಳದಲ್ಲಿ ಅಪ್ಪನಿಗೆಂದು ಸ್ವಲ್ಪ ಉಳಿದಿತ್ತು. ಅವ್ವ ಬಟ್ಟಲನ್ನು ನೋಡುತ್ತಾ ನಿಂತೇ ಇದ್ದಳು.

"ಬರೇ ಬಟ್ಟಲಾ ಹೆಂಗ ವಾಪಸ್ ಕೊಡೂದ್ರಿ?" ಎಂದಳು.

"ಒಂದಿಷ್ಟು ಸಕ್ಕರಿ ಹಾಕಿ ಕೊಡು, ಆತು," ಎಂದ ಅಪ್ಪ.

"ಸಕ್ಕರಿ ಒಯ್ಯಾಕ ಆಕಿ ಏನ್ ಅಂಗಡಿಗೆ ಬಂದಿದ್ಲೇನ್ರಿ? ನಾಳೆ ಶೇಂಗಾ ಹೋಳಿಗಿ ಮಾಡ್ತೀನಿ." ಬಟ್ಟಲನ್ನು ಸೆರಗಿನಿಂದ ಒರೆಸುತ್ತಾ ಮತ್ತೆ ಹೇಳಿದಳು, "ಆಕೀನೂ ಬರೇ ಬಟ್ಟಲಾ ಕಳಸೂಹಂಗ ಕಾಣೂದಿಲ್ಲ. ಮತ್ತ ನಾನು ಏನರ ಮಾಡಬೇಕಾಗತೈತಿ." ಆಮೇಲೆ ಗೋಡೆಯ ಕಡೆ ಮುಖ ಮಾಡಿಯೇ ಕೇಳಿದಳು, "ಆ ಟಿಕೀಟು ವಾಪಸ್ ಮಾಡಾಕ ಬರ್ತೈತೇನ್ರಿ?"

ಅಪ್ಪ ಎದ್ದು ಹೋಗಿ ಟ್ರಂಕ್ ತೆರೆದು ನಮ್ಮ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟ.

ಮರುದಿನ ಬಟ್ಟಲು ಹೋಳಿಗೆ ತುಂಬಿಕೊಂಡು ಹೋಯಿತು. ಬಾಳೆಹಣ್ಣಿನ ಬಜ್ಜಿ ತುಂಬಿಕೊಂಡು ವಾಪಸ್ ಬಂತು. ಹಡಗು ನಾವಿಲ್ಲದೆ ಹೋಯಿತು. ಆ ಬಟ್ಟಲು ಎಷ್ಟೋ ವರ್ಷ ಹೀಗೇ ಓಡಾಡಿತು, ಒಂದು ದಿನವೂ ಖಾಲಿಯಾಗಿ ಹೊಸ್ತಿಲು ದಾಟಲಿಲ್ಲ. ಅವ್ವ ಕೊನೆಯವರೆಗೂ ಮೆಣಸಿನಕಾಯಿ ನೆನೆಸಲಿಲ್ಲ, ಮಾಕ್‌ಚಿಕ್ ಕೊನೆಯವರೆಗೂ ಹುರಿಯಲಿಲ್ಲ, ಆಹ್ ಮಾ ಸಕ್ಕರೆ ಬಿಡಲಿಲ್ಲ. ಮೂವರೂ ತಮ್ಮ ಖಾರವೇ ಸರಿ ಎನ್ನುತ್ತಲೇ ಒಬ್ಬರದನ್ನು ಒಬ್ಬರು ತಿಂದರು.

ಈಗ ನಿಮ್ಮ ಈ ಬುಕಿತ್ ಪಂಜಾಂಗಿನ ಮನೆ ನೋಡಿ. ಒಲೆಯ ಮೇಲೆ ಹೊಗೆ ಎಳೆಯುವ ಹುಡ್ ಇದೆ. ಖಾರ ಬೇಕೆಂದರೆ ಫೋನಿನಲ್ಲಿ ಬುಕ್ ಮಾಡುತ್ತೀರಿ, ಬಾಟಲಿ ಬಾಗಿಲ ಹೊರಗೆ ಬಂದು ಕೂತಿರುತ್ತದೆ, ತಂದವನ ಮುಖವೂ ಕಾಣುವುದಿಲ್ಲ. ಎಲ್ಲ ಅನುಕೂಲವೇ, ನಾನು ದೂರುತ್ತಿಲ್ಲ. ಆದರೆ ಎದುರುಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರ ಮನೆಯ ಅಡುಗೆ ಏನೆಂದು ನನ್ನ ಮೂಗಿಗೆ ಒಂದು ದಿನವೂ ತಿಳಿದಿಲ್ಲ.

ಅದಕ್ಕೇ ಈಗ ಕಥೆಗೆ ಕೂರುವ ಮೊದಲು ನಾನು ಬಾಣಲೆ ಇಟ್ಟು, ಅವ್ವ ಮಾಡುತ್ತಿದ್ದಂತೆ ಮೆಣಸಿನಕಾಯಿ ಸುರಿದೆ. ಹುಡ್ ಹಾಕಲಿಲ್ಲ. ಮುಂಬಾಗಿಲು ತೆರೆದಿಟ್ಟೆ. ನಿಮ್ಮಲ್ಲಿ ದೊಡ್ಡವಳು ಮೂಗು ಮುಚ್ಚಿಕೊಂಡು ಓಡಿಬಂದಳಲ್ಲ, "ಅಜ್ಜಾ, ಡೋರ್ ಕ್ಲೋಸ್ ಮಾಡು ಲಾ, ನೇಬರ್ಸ್ ಕಂಪ್ಲೇನ್ ಮಾಡ್ತಾರೆ" ಎಂದು. ಅಂದು ಅಪ್ಪ ಹೇಳಿದ್ದೂ ಅದೇ ಮಾತು.

"ಮಾಡಲಿ. ಕಂಪ್ಲೇಂಟ್ ಮಾಡೋಕಾದ್ರೂ ಬರಬೇಕಲ್ಲ," ಎಂದೆ.

ಅಗೋ, ಕೇಳಿಸಿತೇ? ಕಾರಿಡಾರಿನಲ್ಲಿ ಯಾರೋ ಕೆಮ್ಮಿದರು. ಹೋಗಿ, ಬಾಗಿಲಲ್ಲಿ ನಿಂತು ಒಳಗೆ ಕರೆಯಿರಿ. ನಾನು ಒಂದು ಬಟ್ಟಲು ತೊಳೆದಿಡುತ್ತೇನೆ.